ಇಬ್ಬರ ಕಾರ್ಡು ಒಬ್ಬರ ಜೇಬಿನಲ್ಲಿ

ಗೇಟಿನ ಆಚೆ ನನ್ನ ಹೆಂಡತಿ. ಈಚೆ ನಾನು. ಅವಳ ಕಾರ್ಡು ನನ್ನ ಕೈಯಲ್ಲಿ. ಮೇಲೆ ರಸ್ತೆಯಲ್ಲಿ ಟ್ರ್ಯಾಮ್ ಬರಲು ಇನ್ನು ನಾಲ್ಕೇ ನಿಮಿಷ.

ಕಳೆದ ಶನಿವಾರ ಬೆಳಿಗ್ಗೆ ಅಟ್ಲಾಂಟಾ ಡೌನ್‌ಟೌನಿನ ನೆಲದಡಿಯ ಸ್ಟೇಷನ್ನಿನಲ್ಲಿ ನಡೆದದ್ದಿದು. ಟ್ರೇನಿನಿಂದ ಇಳಿದು ಟ್ರ್ಯಾಮ್ ಹತ್ತಬೇಕು, ಅಷ್ಟೇ ಕೆಲಸ. ಅಷ್ಟಕ್ಕೆ ಒಂದು ಅಂಕಣವೇ? ತಾಳಿ.

ಪೂರ್ಣಿಮಾಗೆ ಕೆಲಸ ಸಿಕ್ಕಿದೆ. ಹನ್ನೊಂದು ವರ್ಷ ನನ್ನ ವೀಸಾದ ಹಿಂದೆ ಡಿಪೆಂಡೆಂಟ್ ಆಗಿ ಕೂತವಳಿಗೆ, ವರ್ಕ್ ಪರ್ಮಿಟ್ ಬಂದ ಮೇಲೆ, ಡೌನ್‌ಟೌನಿನ ಒಂದು ಲ್ಯಾಬಿನಲ್ಲಿ. ಅವಳು ಓದಿದ್ದು ಮೈಕ್ರೋಬಯಾಲಜಿ. (ಇಷ್ಟು ವರ್ಷ ಆ ಡಿಗ್ರಿಯ ಪ್ರಯೋಗವೆಲ್ಲ ನಮ್ಮನೆ ಮೊಸರಿನ ಮೇಲೆ ನಡೆದಿತ್ತು.)

ಆದರೆ ಆಫರ್ ಬರುವುದಕ್ಕೆ ಎರಡು ತಿಂಗಳ ಮುಂಚೆ ಕಣ್ಣಿನ ಡಾಕ್ಟರು ಅವಳಿಗೆ, ಪಕ್ಕದ ನೋಟ ಕಡಿಮೆಯಾಗಿದೆ, ಇನ್ನು ಕಾರ್ ಓಡಿಸಬೇಡಿ ಅಂದಿದ್ದರು. ನಾವಿರುವುದು ಅಟ್ಲಾಂಟಾದ ಹೊರವಲಯದ ಡುಲುತ್‌ನಲ್ಲಿ. ಇಲ್ಲಿ ಕಾರ್ ಓಡಿಸದವರಿಗೆ ಒಂದು ಕ್ಯಾನ್ ಹಾಲು ತರುವುದಕ್ಕೂ ಇನ್ನೊಬ್ಬರು ಬೇಕು. ನನ್ನ ಆಫೀಸಿನ ದಾರಿಯಲ್ಲಿ ಡೋರಾವಿಲ್ ಸ್ಟೇಷನ್ ಸಿಗುತ್ತದೆ, ಅಲ್ಲಿಯವರೆಗೆ ನಾನು ಬಿಡಬಲ್ಲೆ. ಮುಂದೆ ಟ್ರೇನು, ಆಮೇಲೆ ಟ್ರ್ಯಾಮು, ಆಮೇಲೆ ಒಂದು ರಸ್ತೆ ದಾಟುವುದು. ಅದನ್ನು ದಿನಾ ಒಬ್ಬಳೇ ಮಾಡಬೇಕು.

"ಒಂದ್ ಸಲ ಹೋಗ್ ನೋಡ್ತೀನಿ" ಅಂದಳು. "ಆಗತ್ತೆ ಅನ್ಸಿದ್ರೆ ಸೋಮವಾರ ಸೇರ್ಕೋತೀನಿ. ಇಲ್ಲಾಂದ್ರೆ ಬೇಡ ಅಂತ ಮೇಲ್ ಹಾಕ್ಬಿಡ್ತೀನಿ."

"ನಾನೂ ಬರ್ತೀನಿ."

"ಬನ್ನಿ. ಆದ್ರೆ ಏನೂ ಹೇಳ್ಬಾರ್ದು."

"ನಾನೇನ್ ಹೇಳ್ತೀನಿ?"

ಅವಳು ಹುಬ್ಬೇರಿಸಿ ನಕ್ಕಳು.

ಟ್ರೇನಿಗೂ ಟ್ರ್ಯಾಮಿಗೂ ಟಿಕೆಟ್ಟಿನ ಬದಲು ನಡೆಯುವ ಎರಡು ಕಾರ್ಡು ತಂದಿದ್ದೆ. ಒಂದೇ ಬಣ್ಣ, ಒಂದೇ ಅಳತೆ. ಎರಡೂ ನನ್ನ ಜೇಬಿನಲ್ಲಿ. ಏಕೆ ಅಂತ ಕೇಳುತ್ತೀರಾ? ಏರ್‌ಪೋರ್ಟಿನಲ್ಲಿ ಮನೆಯವರೆಲ್ಲರ ಪಾಸ್‌ಪೋರ್ಟು ಯಾರ ಕೈಯಲ್ಲಿರುತ್ತದೆ? ಇನ್ಶೂರೆನ್ಸ್ ಕಾರ್ಡು, ವೀಸಾ ಪೇಪರಿನ ಫೈಲು? ನಮ್ಮಲ್ಲಿ ಪ್ರತಿ ಮನೆಗೂ ಒಬ್ಬ ಕಾಗದಪತ್ರದ ಕಟ್ಟು ಹಿಡಿಯುವವನಿದ್ದಾನೆ. ಆ ಪೋಸ್ಟಿಗೆ ಯಾರೂ ಅಪ್ಲೈ ಮಾಡಿರುವುದಿಲ್ಲ, ಯಾರೂ ರಿಸೈನ್ ಮಾಡುವುದೂ ಇಲ್ಲ.

ಡೋರಾವಿಲ್‌ನಲ್ಲಿ ಕಾರ್ಡ್ ಒತ್ತಿದೆ. ಬೀಪ್. ಗೇಟು ತೆರೆಯಿತು, ಅವಳು ದಾಟಿದಳು. ಮತ್ತೆ ಒತ್ತಿದೆ. ಏನೋ ಶಬ್ದ. ಗೇಟು ಮುಚ್ಚುವಷ್ಟರಲ್ಲಿ ನಾನೂ ಅವಳ ಬೆನ್ನಿಗೇ ನುಗ್ಗಿದೆ.

"ಎರಡನೇ ಸಲ ಬೇರೆ ಥರ ಸೌಂಡ್ ಬಂತಲ್ಲ ರೀ?"

"ಎಲ್ಲಾ ಒಂದೇ ಸೌಂಡು. ನಡಿ."

ಟ್ರೇನಿನಲ್ಲಿ ಅವಳು ಕಣ್ಣು ಮುಚ್ಚಿ ಕೂತಳು. ಸ್ಟಾಪುಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. ನಾನು ಬಾಯಿ ತೆರೆದಾಗಲೆಲ್ಲ ಆ ಬೆರಳು ಮೇಲೇಳುತ್ತಿತ್ತು.

ಇಳಿದೆವು. ಇಲ್ಲಿ ಹೊರಗೆ ಹೋಗುವಾಗಲೂ ಕಾರ್ಡ್ ಒತ್ತಬೇಕು. ಒತ್ತಿದರೆ ಮಾತ್ರ ಟ್ರ್ಯಾಮಿನವರೆಗೂ ಅದೇ ಪ್ರಯಾಣ ಮುಂದುವರಿಯುತ್ತದೆ. ಅವಳ ಕಾರ್ಡ್ ಒತ್ತಿದೆ, ಹೋದಳು. ನನ್ನದು ಒತ್ತಿದೆ. ಕೆಂಪು. ಮತ್ತೆ ಒತ್ತಿದೆ. ಕೆಂಪು. ಉಜ್ಜಿ, ಒರೆಸಿ, ತಿರುಗಿಸಿ ಒತ್ತಿದೆ. ಕೆಂಪು.

ಸ್ಟೇಷನ್ ಏಜೆಂಟ್ ಬಂದಳು. ನನ್ನಷ್ಟೇ ವಯಸ್ಸಿನ ಹೆಂಗಸು.

"ವೇರ್ ಡಿಡ್ ಯು ಟ್ಯಾಪ್ ಇನ್, ಬೇಬಿ?"

(ಐವತ್ತರ ಗಂಡಸಿಗೆ ಬೇಬಿ! ಈ ಊರಿನಲ್ಲಿ ಎಲ್ಲರೂ ಬೇಬಿಗಳೇ.)

ಕಾರ್ಡನ್ನು ಮೆಷಿನ್ನಿಗೆ ಇಟ್ಟು ನೋಡಿದಳು. ಈ ಕಾರ್ಡು ಇವತ್ತು ಯಾವ ಸ್ಟೇಷನ್ನಿನ ಒಳಗೂ ಹೋಗಿಲ್ಲ ಅಂದಳು. ಇಲ್ಲ, ಎರಡೂ ಒತ್ತಿದ್ದೇನೆ, ಚೆನ್ನಾಗಿ ನೆನಪಿದೆ ಅಂದೆ. ನಿಜವಾಗಿಯೂ ಚೆನ್ನಾಗಿ ನೆನಪಿತ್ತು. ಮೊದಲು ಬಲಗೈ, ಆಮೇಲೆ ಎಡಗೈ, ಬೀಪ್, ಬೀಪ್. ಒಂದೇ ತೊಂದರೆ, ಅದು ನಡೆದಿರಲಿಲ್ಲ. ಪೂರ್ಣಿಮಾಳ ಕಾರ್ಡನ್ನೇ ಎರಡು ಸಲ ಒತ್ತಿದ್ದೆ. ನೆನಪು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಾಗಲೇ ಅನುಮಾನ ಪಡಬೇಕು.

"ಪೂರ್ಣಿ, ಅಲ್ಲೇ ನಿಂತಿರು. ಮುಂದಿನ ಟ್ರ್ಯಾಮ್ ಹಿಡಿಯೋಣ."

"ಸೋಮವಾರ ಲ್ಯಾಬ್‌ನೋರು ಮುಂದಿನ ಟ್ರ್ಯಾಮ್‌ವರೆಗೂ ಕಾಯ್ತಾರಾ?" ಗೇಟಿನ ಮೇಲಿಂದ ಕೈ ಚಾಚಿದಳು. "ನನ್ನ ಕಾರ್ಡ್ ಕೊಡಿ."

"ಎಸ್ಕಲೇಟರ್ ತುಂಬಾ ಉದ್ದ ಇದೆ, ಬಲಗಡೆ ಹಿಡ್ಕೊಂಡು..."

"ರೀ. ಕಾರ್ಡು."

ಕೊಟ್ಟೆ. ಏಜೆಂಟ್ ನಕ್ಕಳು. "ಗೋ ಆನ್, ಬೇಬಿ. ಐ ಗಾಟ್ ಹಿಮ್." ಇವನನ್ನು ನನಗೆ ಬಿಟ್ಟು ನೀನು ಹೊರಡು ಅಂತ.

ಬಂಡೆ ಕೊರೆದು ಮಾಡಿದ ಸ್ಟೇಷನ್ ಅದು. ಎಸ್ಕಲೇಟರಿನ ತುದಿ ಕಾಣುವುದೇ ಇಲ್ಲ. ಒಂದು ಕೈ ಕಂಬಿಯ ಮೇಲೆ, ಇನ್ನೊಂದರಲ್ಲಿ ಕಾರ್ಡು, ಮೇಲೆ ಮೇಲೆ ಹೋದಳು. ಒಮ್ಮೆ ತಿರುಗಿ ನೋಡಿದಳು ಅಂತ ಬರೆದಿದ್ದರೆ ಚೆನ್ನಾಗಿರುತ್ತಿತ್ತು. ನೋಡಲಿಲ್ಲ.

ನಾನು ಹೊರಗೆ ಬರುವ ಹೊತ್ತಿಗೆ ಟ್ರ್ಯಾಮ್ ಹೋಗಿತ್ತು. ಮುಂದಿನದಕ್ಕೆ ಕಾಲು ಗಂಟೆ ಕಾದೆ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಸ್ಟಾಪಿನಲ್ಲಿ ಕಾರ್ಡ್ ಒತ್ತುವ ಮೆಷಿನ್ ಕಂಡಿತೋ ಇಲ್ಲವೋ? ಎಡಗಡೆಯಿಂದ ಬರುವ ಕಾರು ಕಂಡಿತೋ ಇಲ್ಲವೋ? ಆ ಕಾಲು ಗಂಟೆಯಲ್ಲಿ ಅವಳ ಪರವಾಗಿ ಕೆಲಸ ಬೇಡ ಎನ್ನುವ ಈಮೇಲನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. (ಒಳ್ಳೆಯ ಇಂಗ್ಲಿಷಿನಲ್ಲಿ.)

ಲ್ಯಾಬಿನ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕಾಲಾಡಿಸುತ್ತಾ ಕೂತಿದ್ದಳು.

"ಫೋನ್ ಯಾಕೆ ಎತ್ಲಿಲ್ಲ?"

"ರೋಡ್ ದಾಟ್ತಿದ್ದೆ. ದಾಟುವಾಗ ಫೋನ್ ಎತ್ಬಾರ್ದು ಅಂತ ನೀವೇ ತಾನೆ ಹೇಳೋದು?"

"ಎರಡನೇ ಸಲ?"

"ಸೆಕ್ಯುರಿಟಿಯವರ ಹತ್ರ ಮಾತಾಡ್ತಿದ್ದೆ. ಸೋಮವಾರ ಹಿಂದಿನ ಗೇಟಿಂದ ಬರ್ಬೇಕಂತೆ." ಆಮೇಲೆ ಕಾರ್ಡನ್ನು ನನ್ನ ಮೂಗಿನ ಮುಂದೆ ಹಿಡಿದು, "ಒತ್ತಿದ ತಕ್ಷಣ ಟ್ರಾನ್ಸ್‌ಫರ್ ಅಂತ ಬಂತು. ನಿಮ್ಮ ಹಾಗೆ ಉಜ್ಜಬೇಕಾಗ್ಲಿಲ್ಲ" ಅಂದು, ಅದನ್ನು ತನ್ನ ಪರ್ಸಿಗೆ ಹಾಕಿ ಜಿಪ್ ಎಳೆದಳು.

ಹೆಮ್ಮೆ ಅಂದರೇನು? ನನಗೆ ಪ್ರಮೋಷನ್ ಬಂದಾಗ ಖುಷಿಯಾಗಿತ್ತು, ಮನೆ ಕೊಂಡಾಗ ಭಯವಾಗಿತ್ತು. ಆ ಜಿಪ್ಪಿನ ಸದ್ದಿಗೆ ಆದದ್ದು ಎರಡೂ ಅಲ್ಲ. ದಾರಿಯಲ್ಲಿ ಹೋಗುವ ಯಾರನ್ನಾದರೂ ನಿಲ್ಲಿಸಿ, ನೋಡಿ ಸ್ವಾಮಿ, ಇವಳು ಒಬ್ಬಳೇ ಬಂದಳು ಅಂತ ತೋರಿಸಬೇಕು ಅನ್ನಿಸಿತು.

ತೋರಿಸಿಯೂ ತೋರಿಸಿದೆ. ಭಾನುವಾರ ನಾರ್‌ಕ್ರಾಸ್‌ನ ಗೆಳೆಯರ ಮನೆಯಲ್ಲಿ ಊಟ. ಅಲ್ಲಿ ನಾನು ಹೇಳಿದ ಕಥೆಯಲ್ಲಿ ಕೆಂಪು ದೀಪವೇ ಇರಲಿಲ್ಲ. "ಒಬ್ಬಳೇ ಹೋಗ್ಲಿ ಅಂತ ಬೇಕಂತಲೇ ಹಿಂದೆ ಉಳ್ಕೊಂಡೆ" ಅಂದುಬಿಟ್ಟೆ. ಎಲ್ಲರೂ ನನ್ನ ಭುಜ ತಟ್ಟಿದರು. ಪೂರ್ಣಿಮಾ ಚಿತ್ರಾನ್ನ ಬಡಿಸುತ್ತಾ, "ಹೌದು, ಏಜೆಂಟ್ ಹತ್ರ ಬೇಬಿ ಅನ್ನಿಸ್ಕೊಂಡಿದ್ದೂ ಬೇಕಂತಲೇ" ಅಂದಳು.

ಅದಕ್ಕೇ ಇಲ್ಲಿ ಇಸ್ತ್ರಿಯಿಲ್ಲದ ಕಥೆ ಬರೆದಿದ್ದೇನೆ. ಇದನ್ನೂ ಪೂರ್ತಿ ನಂಬಬೇಡಿ. ಅವಳು ಎರಡು ಸಲ ಕೇಳಿದ ಮೇಲೆ ಕಾರ್ಡು ಕೊಟ್ಟೆ ಅಂತ ಮೇಲೆ ಬರೆದಿದ್ದೇನಲ್ಲ, ಅದನ್ನು ಓದಿದ ಪೂರ್ಣಿಮಾ "ಮೂರು ಸಲ" ಅಂದಳು.

ಸೋಮವಾರ ಬೆಳಿಗ್ಗೆ ಡೋರಾವಿಲ್‌ನಲ್ಲಿ ಕಾರ್ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿ, "ಮೊದಲನೇ ದಿನ, ಜೊತೆಗೆ ಬರ್ಲಾ?" ಅಂದೆ.

"ಬೇಡಪ್ಪಾ" ಅಂದಳು, ಬಾಗಿಲು ತೆರೆಯುತ್ತಾ. "ನೀವು ಬಂದ್ರೆ ಲೇಟಾಗತ್ತೆ."

ಇಷ್ಟು ವರ್ಷ ಇವಳನ್ನು ನಾನು ಕರೆದುಕೊಂಡು ಹೋದೆ ಅಂದುಕೊಂಡಿದ್ದೆನಲ್ಲ, ಎಲ್ಲೆಲ್ಲಿಗೆ ಎಷ್ಟೆಷ್ಟು ಲೇಟಾಗಿತ್ತು ಅಂತ ಕೇಳುವ ಧೈರ್ಯ ಯಾವ ಗಂಡನಿಗಿದೆ?