ಬಸರಾ ಕಾಕಾನ ಸಮುದ್ರ

ನಮ್ಮ ಎದುರಿನ ಸಿದ್ರಾಮಪ್ಪ ಕಾಕಾನ ಮನೆಯಲ್ಲಿ ಕಟ್ಟಿಹಾಕದ ಸಾಮಾನೇ ಇರಲಿಲ್ಲ. ನೀರಿನ ಕೊಡದ ಕುತ್ತಿಗೆಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಗೋಡೆಯ ಗೂಟಕ್ಕೆ. ಉಪ್ಪಿನ ಗಡಿಗೆಗೆ ಹಗ್ಗ, ಎಣ್ಣೆಯ ಬಾಟಲಿಗೆ ಹಗ್ಗ. ಖಾರ ಅರೆಯುವ ಗುಂಡುಕಲ್ಲಿಗೂ ಎರಡು ಸುತ್ತು ಹಗ್ಗ ಬಿಗಿದದ್ದನ್ನು ಕಂಡು, ಮದುವೆಯಾಗಿ ಬನಹಟ್ಟಿಗೆ ಬಂದ ಹೊಸತರಲ್ಲಿ ನಾನು ತಡೆಯಲಾರದೆ ಕೇಳಿದ್ದೆ:

“ಕಾಕಾ, ಕಲ್ಲಿಗ್ಯಾಕ ಹಗ್ಗಾರೀ? ಅದೇನ ಎದ್ದ ಓಡತೈತೇನ್ರಿ?”

“ನೆಲ ನೆಟ್ಟಗ ಇರೂತನಾ ಓಡೂದಿಲ್ಲವಾ. ಒಂದ ಸಲ ವಾಲಿತಂದ್ರ ಮೊದಲ ಓಡಿ ಬರೂದ ಕಲ್ಲ. ನನ್ನ ಕಾಲ ನೋಡು.”

ಎಡಗಾಲಿನ ಕಿರುಬೆರಳು ನಿಜಕ್ಕೂ ಚಪ್ಪಟೆಯಾಗಿತ್ತು. ಬನಹಟ್ಟಿಯ ನೆಲ ವಾಲಿದ್ದನ್ನು ಯಾರೂ ಕಂಡಿರಲಿಲ್ಲ. ಸಮುದ್ರವೆಂಬುದು ಘಟ್ಟದ ಆಚೆ ಎಲ್ಲೋ ಇತ್ತು. ಆದರೆ ಕಾಕಾ ಬೀದಿಯಲ್ಲಿ ನಡೆಯುವಾಗಲೂ ಕಾಲು ಅಗಲಿಸಿ ನಡೆಯುತ್ತಿದ್ದ, ನಮ್ಮ ಬೀದಿ ಯಾವ ಗಳಿಗೆಯಲ್ಲಿ ಮಗ್ಗುಲಾದೀತೋ ಎಂಬಂತೆ.

ಮೊದಲ ಮಹಾಯುದ್ಧದಲ್ಲಿ ಅವನು ಸಮುದ್ರದಾಚೆಯ ಬಸರಾ ಬಂದರಕ್ಕೆ ಹೋಗಿ ಬಂದಿದ್ದ. ಮುಂಬಯಿಯ ಗಿರಣಿಯಲ್ಲಿ ದುಡಿಯಲು ಹೋದವನು ಅಲ್ಲಿಂದ ಹಡಗು ಹತ್ತಿದ್ದ. ಊರಿಗೆ ಮರಳಿ ಮಗ್ಗಕ್ಕೆ ಕೂತರೂ ಊರ ಬಾಯಲ್ಲಿ ಅವನು ಬಸರಾ ಸಿದ್ರಾಮಪ್ಪನೇ ಆದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇಡೀ ದಿನ ಒಬ್ಬನೇ ನೇಯುತ್ತಿದ್ದ. ಅವನಿಗೆ ಮನುಷ್ಯರ ಕೂಡ ಮಾತು ಅಂತ ಇದ್ದದ್ದು ಮಧ್ಯಾಹ್ನದ ಮೇಲೆ, ನಮ್ಮ ಮನೆಯ ಪಡಸಾಲೆಯಲ್ಲಿ ಮಾತ್ರ.

ನಾನು ಹೇಳುತ್ತಿರುವ ಹೊತ್ತಿಗೆ ಎರಡನೆಯ ಮಹಾಯುದ್ಧ ನಡೆದಿತ್ತು. ಮರಾಠಿ ಪತ್ರಿಕೆ ಕುಡಚಿಯವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಮೋಟಾರು ಹತ್ತಿ, ಒಂದು ದಿನ ತಡವಾಗಿ ಪಾಯಪ್ಪ ಮಾಸ್ತರರ ಕೈ ಸೇರುತ್ತಿತ್ತು. ಮಾಸ್ತರರು ತೇರದಾಳದ ಜೈನರು. ಜಮಖಂಡಿ ಸಂಸ್ಥಾನದ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವರಲ್ಲ, ಧೋತರದ ಮೇಲೆ ಇರುವೆ ಹರಿದರೆ ಪತ್ರಿಕೆಯ ಅಂಚಿನಿಂದ ಮೆಲ್ಲಗೆ ಇಳಿಸಿ ಬಿಡುವವರು. ಅಂಥವರಿಗೆ ಯುದ್ಧನೌಕೆಯ ತೋಪುಗಳೆಂದರೆ ಪ್ರಾಣ. ಸಮುದ್ರವನ್ನು ಕಣ್ಣಿನಿಂದ ಕಂಡಿರಲಿಲ್ಲ. ಆದರೆ ಯಾವ ದೇಶದ ಯಾವ ಹಡಗಿಗೆ ಎಷ್ಟು ಇಂಚಿನ ತೋಪು, ಉಕ್ಕಿನ ತಗಡು ಎಷ್ಟು ದಪ್ಪ ಎಂಬುದು ಬಾಯಿಪಾಠವಾಗಿತ್ತು.

“ಹದಿನೈದ ಇಂಚಿನ ತೋಪ್ರಿ!” ಎಂದು ಇರುವೆಯನ್ನು ಜೋಪಾನವಾಗಿ ಕಂಬಕ್ಕೆ ದಾಟಿಸುತ್ತ ಮಾಸ್ತರರು ಹೇಳುತ್ತಿದ್ದರು. “ಒಂದೊಂದ ಗುಂಡ ಅಂದ್ರ ಎರಡ ಎತ್ತಿನ ತೂಕ. ಇಂಥಾ ಹಡಗ ಯಾರ ಮುಳುಗಸ್ತಾರ?”

“ತೋಪ ತಗೊಂಡ ಏನ ಮಾಡ್ತೀರಿ ಮಾಸ್ತರ್ರ?” ಕಾಕಾ ಕಂಬಕ್ಕೆ ಬೆನ್ನು ಕೊಟ್ಟು ಕೂತಲ್ಲಿಂದ ಎದ್ದು ಬರುವನು. “ತಳದಾಗ ಬಾಯ್ಲರಿಗೆ ಕಲ್ಲಿದ್ದಲಿ ಹಾಕಾವ ಸಲಿಕಿ ಕೆಳಗಿಟ್ಟನಂದ್ರ ನಿಮ್ಮ ತೋಪ ಬಟ್ಟಿ ಒಣಾ ಹಾಕಾಕ ಅಷ್ಟ! ಮತ್ತ ಈಗ ಮ್ಯಾಲಿಂದ ವಿಮಾನ ಬರತಾವು. ಹದ್ದಿನ ಮುಂದ ಎಮ್ಮಿ ಏನ ಮಾಡೀತು?”

“ಹದ್ದ ಎಮ್ಮೀನ ಎತ್ತಿಕೊಂಡ ಹೋಗತೈತೇನೋ ಶಾಣ್ಯಾ?”

“ಕಣ್ಣ ಕುಕ್ಕಿದ್ರ ಸಾಕಲ್ರಿ!”

ನಾನು ಒಳಬಾಗಿಲಿನ ಹಿಂದೆ ರಾಟೆ ಇಟ್ಟುಕೊಂಡು ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತ ಎಲ್ಲವನ್ನೂ ಕೇಳುತ್ತಿದ್ದೆ. ಪಡಸಾಲೆಯಲ್ಲಿ ಹಿರಿಯರ ಮಾತಿನ ನಡುವೆ ಸೊಸೆ ಬಾಯಿ ಹಾಕುವ ಪದ್ಧತಿ ಇರಲಿಲ್ಲ. ಆದರೆ ಯುದ್ಧ ಜೋರಾದಷ್ಟೂ ನನ್ನ ನೂಲು ಬಿಗಿಯಾಗಿ ಸುತ್ತಿಕೊಂಡು, ಮರುದಿನ ಮಗ್ಗದಲ್ಲಿ ಪಟಪಟನೆ ಹರಿಯುತ್ತಿತ್ತು. “ನಿನ್ನೆ ಯಾವ ಹಡಗ ಮುಳುಗಿತ್ತವಾ?” ಎಂದು ಮಾವನವರು ನನ್ನ ಕಂಡಿಕೆ ಮುಟ್ಟಿ ನೋಡಿಯೇ ಕೇಳುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಮಾಸ್ತರರು ಉಣ್ಣುತ್ತಿರಲಿಲ್ಲವಾದ್ದರಿಂದ ಎಂಥ ಘೋರ ಕದನವೂ ಸಂಜೆಯ ಬಿಸಿಲು ಮಾಳಿಗೆ ಏರುವುದರೊಳಗೆ ನಿಲ್ಲಬೇಕಾಗುತ್ತಿತ್ತು. “ಲೇ ಸಿದ್ರಾಮಾ, ಮಾಸ್ತರ್ರಿಗೆ ಊಟದ ಹೊತ್ತಾತು. ಮುಳುಗಸೂದಿದ್ರ ಲಗೂನ ಮುಳುಗಸು” ಎಂದು ಮಾವನವರು ಮಗ್ಗದಿಂದಲೇ ಕೂಗುವರು.

ಕಾಕಾನ ಕಥೆಗಳಲ್ಲೆಲ್ಲ ದೊಡ್ಡದು ತೋಪಿನದು. ಬಸರಾದ ಹತ್ತಿರ ತೋಪು ಹಾರಿಸುವವನು ಗಾಯಗೊಂಡು ಬಿದ್ದಾಗ, ಕಾಕಾ ಸಲಿಕೆ ಒಗೆದು ಮೇಲೆ ಓಡಿ, ತಾನೇ ತೋಪಿನ ಹಗ್ಗ ಜಗ್ಗಿ ಗುಂಡು ಹಾರಿಸಿದನಂತೆ. ವೈರಿಯ ಹಡಗಿನ ಹೊಗೆ ಉಗುಳುವ ಚಿಮಣಿ ಹಾರಿ ನೀರಿಗೆ ಬಿತ್ತಂತೆ. ನಾನು ಮದುವೆಯಾಗಿ ಬಂದಾಗ ಒಂದು ಚಿಮಣಿ ಹಾರಿತ್ತು. ನನ್ನ ಎರಡನೆಯ ಬಾಣಂತನದ ಹೊತ್ತಿಗೆ ಮೂರು ಹಾರಿದ್ದವು. ಯಾರೂ ತಕರಾರು ಮಾಡುತ್ತಿರಲಿಲ್ಲ, ಹೇಳುವ ಸೊಗಸು ಹಾಗಿತ್ತು.

ತಕರಾರು ಬಂದದ್ದು ಒಂದು ಮುಂಜಾನೆ, ಹಾಸಿನ ಕಾರಣದಿಂದ. ಸೀರೆಯ ಉದ್ದೆಳೆಗಳಿಗೆ ಹಾಸು ಎನ್ನುತ್ತೇವೆ. ಅವನ್ನು ಬೀದಿಯುದ್ದಕ್ಕೂ ಕೋಲುಗಳ ಮೇಲೆ ಚಾಚಿ, ಗಂಜಿ ಹಚ್ಚಿ, ಕುಂಚದಿಂದ ಬಾಚಿ, ಬಿಸಿಲು ಏರುವ ಮೊದಲೇ ಮುಗಿಸಬೇಕು. ಅಂದು ನಮ್ಮ ಹಾಸು ಬೀದಿಯಲ್ಲಿತ್ತು. ಬಸದಿಯಿಂದ ಮರಳುತ್ತಿದ್ದ ಮಾಸ್ತರರು ನಿಂತು, ನೀರಡಿಯ ಹಡಗು ಸಾಲು ಹಡಗುಗಳ ಕೆಳಗೆ ನುಸುಳುವುದು ಆಗದ ಮಾತು ಎಂದರು. ಗಂಜಿ ಹಚ್ಚಲು ಕೈಕೂಡಿಸಿದ್ದ ಕಾಕಾನಿಗೆ ತಡೆಯಲಾಗಲಿಲ್ಲ.

“ಆಗೂದಿಲ್ಲೇನ್ರಿ? ಇಲ್ಲೆ ನೋಡ್ರಿ. ಇದ ನೀರಿನ ಮೈ ಅಂತ ತಿಳೀರಿ” ಎಂದು ಚಾಚಿದ ಹಾಸನ್ನು ತೋರಿಸಿದ. ಕೈಯಲ್ಲೊಂದು ಲಾಳಿ ಹಿಡಿದು, ಅದರ ಕಬ್ಬಿಣದ ಮೊನೆ ಮುಂದೆ ಮಾಡಿ, ಹಾಸಿನ ಕೆಳಗೆ ಕುಕ್ಕರುಗಾಲಲ್ಲಿ ತೆವಳತೊಡಗಿದ. ಬೀದಿಯ ಮಂದಿಯೆಲ್ಲ ನಗುತ್ತ ನಿಂತರು.

“ಎಲ್ಲಿ ಐತೋ ನಿನ್ನ ಹಡಗ?” ಎಂದರು ಮಾಸ್ತರರು.

“ನಿಮ್ಮ ಕಾಲ ಬುಡಕ್ಕ ಬಂದೇತ್ರಿ! ಈಗ ಮ್ಯಾಲೆ ಬರತೈತಿ ನೋಡ್ರಿ...”

“ಏಳಬ್ಯಾಡಲೇ!” ಎಂದು ಮಾವನವರು ಚೀರುವಷ್ಟರಲ್ಲಿ ಕಾಕಾ ಎದ್ದೇಬಿಟ್ಟಿದ್ದ. ಲಾಳಿಯ ಮೊನೆ, ಅದರ ಹಿಂದೆ ರುಮಾಲು, ಅದರ ಕೆಳಗೆ ಕಾಕಾ. ಮಾರುದ್ದ ಹಾಸು ಹರಿದು, ಗಂಜಿಯ ಎಳೆಗಳು ಅವನ ಕಿವಿಯಿಂದ ಶ್ಯಾವಿಗೆಯಂತೆ ಇಳಿಬಿದ್ದಿದ್ದವು.

ಗಂಜಿ ಒಣಗುವುದರೊಳಗೆ ಎಳೆ ಕೂಡಿಸಬೇಕು. ಬೈಯಲಿಕ್ಕೂ ಪುರಸೊತ್ತಿರಲಿಲ್ಲ. ಮಾವನವರು, ನಾನು, ಕಾಕಾ, ಅಕ್ಕಪಕ್ಕದವರು ಎಲ್ಲ ಬಗ್ಗಿದೆವು. ಮಾಸ್ತರರೂ ಅಪರಾಧಿಯಂತೆ ತುದಿಗಳನ್ನು ಹಿಡಿದು ನಿಂತರು. ನೇಕಾರರ ಗಂಟು ಸಣ್ಣದು. ಒಂದು ಎಳೆಯನ್ನು ಮಡಿಸಿ, ಇನ್ನೊಂದನ್ನು ಅದರೊಳಗಿಂದ ಎಬ್ಬಿಸಿ, ಹಿಂದೆ ಸುತ್ತಿ, ತನ್ನ ಅಡಿಯಲ್ಲೇ ತೂರಿಸಿ ಜಗ್ಗಿದರೆ ಆಯಿತು, ಕೈಯಲ್ಲಿ ಮುಟ್ಟಿದರೂ ತಿಳಿಯದು. ಕಾಕಾ ಅದನ್ನು ಹಾಕುತ್ತ ಹಾಕುತ್ತ, ವಾತಾವರಣ ತಿಳಿಮಾಡಲೆಂದೋ ಏನೋ, “ಹಡಗಿನ್ಯಾಗೂ ಇದ ಗಂಟ್ರಿ ಮಾಸ್ತರ್ರ. ದಪ್ಪ ಹಗ್ಗಕ್ಕ ಸಣ್ಣ ಹಗ್ಗ ಕೂಡಸಬೇಕಂದ್ರ ಹಿಂಗ ಹಾಕ್ತಾರ” ಎಂದ.

ಬೆಳಗಿನಿಂದ ಮುಜುಗರಪಟ್ಟಿದ್ದ ಮಾಸ್ತರರು ಸಿಡಿದರು. “ಸಾಕ ಮಾಡೋ ಸಿದ್ರಾಮಾ! ಬನಹಟ್ಟಿ ಮಗ್ಗದ ಗಂಟ ಹಡಗಿಗೆ ಹೆಂಗ ಹೋತು? ನೀ ಹಡಗ ಹತ್ತೇ ಇಲ್ಲ. ಮುಂಬಯಿ ಸಮುದ್ರ ದಂಡ್ಯಾಗ ನಿಂತ ನೋಡಿ ಬಂದೀ.”

ಕಾಕಾನ ಬೆರಳುಗಳು ನಿಂತವು.

“ಹಂಗಾರ ಕೇಳ್ರಿ. ಈ ಗಂಟ ಸುಳ್ಳ ಆತಂದ್ರ ನಾ ಆ ಪಡಸಾಲಿ ಹತ್ತೂದಿಲ್ಲ.”

“ಖರೆ ಆತಂದ್ರ ನಾ ಸಮುದ್ರದ ಮಾತ ಎತ್ತೂದಿಲ್ಲ” ಎಂದರು ಮಾಸ್ತರರು.

ಮಾಸ್ತರರಿಗೆ ಮನೆ ತುಂಬ ಮಂದಿ. ಕಾಕಾನಿಗೆ ಆ ಪಡಸಾಲೆ ಬಿಟ್ಟರೆ ಇದ್ದದ್ದೇನು? ಕಟ್ಟಿಹಾಕಿದ ಕೊಡ, ಕಟ್ಟಿಹಾಕಿದ ಕಲ್ಲು.

ಎರಡು ವಾರ ಇಬ್ಬರೂ ಬಂದು ಕೂತರು. ಆದರೆ ಹತ್ತಿಯ ಧಾರಣೆ ಬಿಟ್ಟು ಬೇರೆ ಮಾತಿಲ್ಲ. ಅಷ್ಟರಲ್ಲಿ ನೌಕಾದಳಕ್ಕೆ ಆಳು ಸೇರಿಸುವವರು ಜಮಖಂಡಿಗೆ ಬಂದು, ಸಂತೆಯ ದಿನ ಅವರಲ್ಲೊಬ್ಬ ಬನಹಟ್ಟಿಗೂ ಬಂದ. ಕೊಂಕಣದ ಕಡೆಯವ, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಮರಾಠಿ ಮಾತು. ಮಾವನವರು ಅವನನ್ನು ಚಹಕ್ಕೆಂದು ಮನೆಗೇ ಕರೆತಂದರು. ಸುದ್ದಿ ಹಬ್ಬಿ ಪಡಸಾಲೆಯ ಮುಂದೆ ನೇಕಾರರ ಗುಂಪೇ ಸೇರಿತು. ಕಾಕಾ ಕೈ ಹಿಂದೆ ಕಟ್ಟಿಕೊಂಡು ಕಂಬದ ಮರೆಯಲ್ಲಿ ನಿಂತ. ನಾನು ಬಾಗಿಲ ಸಂದಿಯಿಂದ ಅವನ ಬೆನ್ನ ಹಿಂದಿನ ಬೆರಳುಗಳನ್ನೇ ನೋಡುತ್ತಿದ್ದೆ.

ಮಾಸ್ತರರು ಬಾವಿಯ ದಪ್ಪ ಹಗ್ಗವನ್ನೂ ಒಂದು ಸಣ್ಣ ಹುರಿಯನ್ನೂ ಮುಂದಿಟ್ಟು, ಹಡಗಿನಲ್ಲಿ ಇವೆರಡನ್ನು ಹೇಗೆ ಕೂಡಿಸುತ್ತೀರಿ ಎಂದು ಮರಾಠಿಯಲ್ಲಿ ಕೇಳಿದರು. ಅವನು ಚಹದ ಬಸಿ ಪಕ್ಕಕ್ಕೆ ಸರಿಸಿ, ದಪ್ಪ ಹಗ್ಗ ಮಡಿಸಿ ತೊಡೆಯ ಮೇಲೆ ಒತ್ತಿ ಹಿಡಿದ. ಸಣ್ಣದನ್ನು ಒಳಗಿಂದ ಎಬ್ಬಿಸಿದ, ಹಿಂದೆ ಸುತ್ತಿದ, ಅದರ ಅಡಿಯಲ್ಲೇ ತೂರಿಸಿ ಜಗ್ಗಿದ.

“ಅಯ್ಯ, ಇದ ನಮ್ಮ ಗಂಟ!” ಎಂದು ಮಾವನವರು ಕೂಗಿದರು. ಹೊರಗಿನ ಗುಂಪೆಲ್ಲ ಹೋ ಎಂದಿತು. ಒಬ್ಬ ಮುದುಕ ಮೇಲೇರಿ ಬಂದು ಗಂಟು ಮುಟ್ಟಿ ನೋಡಿ, ಆ ಸಿಪಾಯಿಗೆ “ನಿಮ್ಮ ಮನ್ಯಾಗ ಎಷ್ಟ ಮಗ್ಗ ಅದಾವ್ರಿ?” ಎಂದೇ ಕೇಳಿದ.

ಮಾಸ್ತರರು ಕೈ ಮುಗಿದರು. “ಸೋತೆ ಸಿದ್ರಾಮಪ್ಪ.” ಅವರು ಕಾಕಾನಿಗೆ ‘ಅಪ್ಪ’ ಹಚ್ಚಿ ಕರೆದದ್ದು ಅದೇ ಮೊದಲು. ಆಮೇಲೆ ಮಾವನವರು ಹುರುಪಿನಿಂದ ತೋಪಿನ ಕಥೆಯನ್ನೂ ಮೂರು ಚಿಮಣಿಗಳನ್ನೂ ಹರಕುಮುರುಕು ಮರಾಠಿಯಲ್ಲಿ ಅತಿಥಿಗೆ ಹೇಳಿದರು. ಕೇಳಿದವನು ಎದ್ದು, ಅಂಗಿ ಸರಿಮಾಡಿಕೊಂಡು, ಕಾಕಾನ ಎದುರು ನೆಟ್ಟಗೆ ನಿಂತು ಸಲಾಮಿಗೆ ಕೈ ಎತ್ತಿದ.

ಕಾಕಾ ಆ ಕೈ ಹಿಡಿದುಬಿಟ್ಟ.

“ಬ್ಯಾಡಪಾ. ನಾ ತೋಪ ಹೊಡದಿಲ್ಲ” ಎಂದ. “ತೋಪಿನ ಹಡಗ ಹತ್ತೂ ಇಲ್ಲ. ಸಮುದ್ರ ದಾಟಿ ಹೋಗಿದ್ದು ಖರೆ, ಗಂಟ ಖರೆ. ಅಲ್ಲಿ ನನ್ನ ಹಾಕಿದ್ದ ನದ್ಯಾಗಿನ ಬೋಟಿಗೆ. ಹೋಗುವಾಗ ಹೇಸರಗತ್ತಿಗೋಳಿಗೆ ಹುಲ್ಲ, ಬರುವಾಗ ಗಾಯ ಆದ ಮಂದಿ. ನಾ ಕಲ್ಲಿದ್ದಲಿ ಹಾಕಾವ. ತೋಪಿನ ಸಪ್ಪಳ ದೂರಿಂದ ಕೇಳೇನಿ. ಅಷ್ಟ.”

ಮಾಸ್ತರರು ಅದನ್ನು ಮರಾಠಿಯಲ್ಲಿ ತಿಳಿಸಿ ಹೇಳಿದ ಮೇಲೆ ಸಿಪಾಯಿ ನಕ್ಕುಬಿಟ್ಟ. ತಾನೂ ಇನ್ನೂ ಒಂದು ಗುಂಡು ಹಾರಿಸಿಲ್ಲ, ಹಡಗು ಏರಿದಂದಿನಿಂದ ಅದಕ್ಕೆ ಬಣ್ಣ ಬಳಿಯುವುದೇ ಆಗಿದೆ ಎಂದ. ಎಲ್ಲರೂ ನಕ್ಕರು. ಕಾಕಾ ಮಾತ್ರ ರುಮಾಲು ಸುತ್ತಿಕೊಂಡು ಇಳಿದು ಹೋದ. ಅವನ ಚಹ ಹಾಗೇ ಉಳಿದಿತ್ತು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗಂಟಿನ ಪೈಜು ಗೆದ್ದಿದ್ದರೂ, ಸುಳ್ಳು ಹೇಳಿದವನಿಗೆ ಆ ಪಡಸಾಲೆ ಸಲ್ಲದು ಎಂದು ತಾನೇ ತೀರ್ಮಾನ ಮಾಡಿಕೊಂಡಿದ್ದ. ಸೋತ ಮಾಸ್ತರರು ಮಾತಿಗೆ ಕಟ್ಟುಬಿದ್ದು ಯುದ್ಧದ ಪುಟವನ್ನೇ ಮಡಚಿಡುತ್ತಿದ್ದರು. ನನ್ನ ಕಂಡಿಕೆಗಳು ಆ ವಾರ ಎಂದೂ ಇಲ್ಲದಷ್ಟು ಸಡಿಲ. ಆರನೆಯ ದಿನ ನಾನು ಮಜ್ಜಿಗೆ ತೆಗೆದುಕೊಂಡು ಕಾಕಾನ ಮನೆಗೆ ಹೋದೆ. ಅವನು ಮಗ್ಗ ನಿಲ್ಲಿಸಿ ತಂಬಿಗೆ ತೆಗೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಬಾಗಿಲಲ್ಲಿ ಮಾಸ್ತರರು.

“ಸಿದ್ರಾಮಪ್ಪ, ನೀ ಸುಳ್ಳನ್ನ ಖರೆ ಅಂದಿ. ನಾ ಖರೇನ ಸುಳ್ಳ ಅಂದೆ. ಯಾರ ತಪ್ಪ ದೊಡ್ಡದು?”

“ನಂದ್ರಿ ಮಾಸ್ತರ್ರ.”

“ಅಲ್ಲ, ನಂದು. ನೀ ಮೂರ ಚಿಮಣಿ ಹಾರಿಸಿದಿ. ನಾ ಮನಶ್ಯಾನ ಮಾನಾನ ಹಾರಿಸಿದೆ.”

“ಹಂಗಲ್ರಿ. ನಾ ಇಪ್ಪತ್ತ ವರ್ಷ ಹೇಳೇನಿ, ನೀವ ಒಂದ ಸಲ ಅಂದೀರಿ.”

“ಒಂದ ಟಾರ್ಪಿಡೋ ಸಾಕಲ್ಲೋ ಮಾರಾಯಾ!”

“ಎಲ್ಲಿ ಬಡೀತನ್ನೂದರ ಮ್ಯಾಲೆ ಐತ್ರಿ ಅದು. ಬಾಯ್ಲರಿಗೆ ಬಡೀಬೇಕು...”

ಹೀಗೆ ಕೊಟ್ಟ ಮಾತುಗಳನ್ನೆಲ್ಲ ಮರೆತು ವಾದಿಸುತ್ತಲೇ ಇಬ್ಬರೂ ಹೊಸ್ತಿಲು ದಾಟಿದರು, ಬೀದಿ ದಾಟಿದರು, ನಮ್ಮ ಪಡಸಾಲೆ ಹತ್ತಿ ಕೂತರು. ನಾನು ಕುಡಿಯದೆ ಉಳಿದ ಮಜ್ಜಿಗೆಯ ತಂಬಿಗೆ ಹಿಡಿದು ಹಿಂದಿನಿಂದ ಓಡಬೇಕಾಯಿತು.

ಆಮೇಲೆ ಕಾಕಾ ತೋಪು ಹಾರಿಸಲಿಲ್ಲ. ನದಿಯ ಕಥೆ ಹೇಳುತ್ತಿದ್ದ. ಮರಳ ದಿಬ್ಬಕ್ಕೆ ಬೋಟು ಸಿಕ್ಕು ಹೇಸರಗತ್ತೆಗಳನ್ನೆಲ್ಲ ಇಳಿಸಿ ತಳ್ಳಿದ್ದು, ಬಾಯ್ಲರಿನ ಬಿಸಿಗೆ ರೊಟ್ಟಿ ಸುಟ್ಟು ಗಾಯಾಳುಗಳಿಗೆ ಕೊಟ್ಟದ್ದು, ಕಾಕಾನ ಜೊತೆ ಯಾವ ಭಾಷೆಯೂ ಹೊಂದದ ಗಾಯಾಳು ಸಿಪಾಯಿಯೊಬ್ಬ ಇಡೀ ರಾತ್ರಿ ಅವನ ಹೆಬ್ಬೆರಳು ಹಿಡಿದುಕೊಂಡೇ ಮಲಗಿದ್ದು. ಮಾಸ್ತರರು ಪತ್ರಿಕೆ ಓದಿ, “ಇದಕ್ಕ ನಿಮ್ಮ ನದ್ಯಾಗ ಏನ ಮಾಡ್ತಿದ್ರಿ?” ಎಂದು ಕೇಳುವರು. ಪೂರ್ವದ ಸಮುದ್ರದಲ್ಲಿ ಎರಡು ಭಾರಿ ಯುದ್ಧನೌಕೆಗಳನ್ನು ವಿಮಾನಗಳೇ ಮುಳುಗಿಸಿದ ಸುದ್ದಿ ಬಂದ ದಿನ ಕಾಕಾ ಗೆದ್ದಂತಾಗಿತ್ತು. ಅವನು ಕೇಳಿದ್ದು ಒಂದೇ: “ತಳದಾಗಿನ ಮಂದಿ ಮ್ಯಾಲೆ ಬಂದರಂತೇನ್ರಿ?”

ಸ್ವಾತಂತ್ರ್ಯ ಬಂದ ಮರುವರ್ಷ, ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರುವ ಸ್ವಲ್ಪ ಮೊದಲು, ಚಳಿ ಬಿಡುವ ಮುನ್ನ, ಕಾಕಾ ಎರಡು ದಿನದ ಜ್ವರದಲ್ಲಿ ತೀರಿಕೊಂಡ.

ಹದಿನೈದು ದಿನ ಮಾಸ್ತರರು ಬರಲಿಲ್ಲ. ಆಮೇಲೊಂದು ಮಧ್ಯಾಹ್ನ ಪತ್ರಿಕೆ ಹಿಡಿದು ಬಂದು ಕೂತರು. ಸ್ವತಂತ್ರವಾದ ನಮ್ಮ ದೇಶಕ್ಕೂ ದೊಡ್ಡದೊಂದು ಯುದ್ಧನೌಕೆ ಬರಲಿದೆ ಎಂದು ಓದಿದರು. “ಇಷ್ಟ ತೋಪಿನ ಹಡಗ ಒಂದ ಇದ್ದರ ಇಡೀ ದಂಡೀನ ಕಾಯತೈತಿ” ಎಂದು ಎಂದಿನಂತೆ ದನಿ ಏರಿಸಿ ಹೇಳಿ, ಕಾಕಾ ಕೂರುತ್ತಿದ್ದ ಕಂಬದ ಕಡೆ ತಿರುಗಿ ಕಾದರು. ಮಾವನವರು ಸುಮ್ಮನೆ ಮಗ್ಗ ಜಗ್ಗುತ್ತಿದ್ದರು. ಮಾಸ್ತರರು ಅದೇ ಸಾಲನ್ನು ಇನ್ನೊಮ್ಮೆ, ಸಣ್ಣ ದನಿಯಲ್ಲಿ ಓದಿದರು. ಪತ್ರಿಕೆ ಮಡಚತೊಡಗಿದರು.

“ಅಲ್ರಿ ಮಾಸ್ತರ್ರ” ಎಂದೆ, ಒಳಬಾಗಿಲಿನ ಹಿಂದಿನಿಂದ. ನನ್ನ ದನಿ ನನಗೇ ಹೊಸದಾಗಿ ಕೇಳಿತು. “ತೋಪ ಇದ್ದರ ಆತೇನ್ರಿ? ಮ್ಯಾಲಿಂದ ವಿಮಾನ ಬಂದರ ಏನ ಮಾಡ್ತಾರಂತ?”

ಮಗ್ಗ ನಿಂತಿತು. ಮಾವನವರು ನನ್ನ ಕಡೆ ನೋಡಿದರು. ಮಾಸ್ತರರು ಚಷ್ಮಾ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮಡಚಿದ ಪತ್ರಿಕೆಯನ್ನು ಬಿಚ್ಚಿದರು.

“ರಾಟಿ ಹೊರಗ ತಗೊಂಡ ಬಾರವಾ” ಎಂದರು ಮಾವನವರು. “ಅಲ್ಲಿಂದ ಮಾಸ್ತರ್ರಿಗೆ ನೆಟ್ಟಗ ಕೇಳಸೂದಿಲ್ಲ.”