ಚೊಂಬಿನ ಹಾಲು ನೀಲಿಯಾದ ದಿನ

ಬೆರಳಲ್ಲಿ ಫೋನು ತಳ್ಳುತ್ತಾ ಕೂತಿದ್ದೀರಲ್ಲ, ಒಲೆ ಮೇಲಿನ ಹಾಲು ಉಕ್ಕಿತೇನೋ ನೋಡಿ ಮೊದಲು. ಆಮೇಲೆ ಇದನ್ನು ಓದಿ.

ಇವತ್ತು ಮೊಮ್ಮಗಳು ನಮ್ಮವ್ವನ ಪೆಟ್ಟಿಗೆಯಲ್ಲಿದ್ದ ನೀಲದ ಉಂಗುರವನ್ನು ಚನ್ನಪಟ್ಟಣದ ಅಂಗಡಿಯಲ್ಲಿ ತೋರಿಸಿಕೊಂಡು ಬಂದಳು. "ಬರೀ ಗಾಜಂತೆ ಕಣಜ್ಜಿ," ಅಂದಳು.

ಕೈಲಾಂಚದ ನಮ್ಮ ಮನೆಗೆ ಅದನ್ನು ತಂದವನು ಊರೂರು ಸುತ್ತುವ ಹರಳಿನವನು. ಅಪ್ಪನಿಗೆ ಶನಿಕಾಟ ಅಂತ ಅವ್ವ ಕೊಂಡಳು. ನಿಜವಾದ ನೀಲ ಬಿದ್ದರೆ ಹಾಲೇ ನೀಲಿಯಾಗುತ್ತದೆ, ಒಗ್ಗದವರಿಗೆ ಮೂರೇ ದಿನದಲ್ಲಿ ಕೇಡು ಅನ್ನುತ್ತಿದ್ದರು. ಅವ್ವ ಚೊಂಬಿನ ಹಾಲಿಗೆ ಉಂಗುರ ಬಿಟ್ಟಳು. ಹಾಲು ತೆಳ್ಳಗೆ ನೀಲಿ ಕಂಡಿತು.

"ನೋಡ್ದ್ರಾ, ಅಪ್ಪಟ ಐತೆ! ಸುಮ್ಕೆ ಹಾಕ್ಕಳಿ," ಅಂದಳು ಅಪ್ಪನಿಗೆ.

"ಶನಿಗಿಂತ ನೀನೇ ಜೋರು ಕಣಮ್ಮಿ," ಅಂತ ಅಪ್ಪ ನಗುತ್ತಾ ನಡುಬೆರಳಿಗೆ ಹಾಕಿಕೊಂಡ.

ಮೂರನೇ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವನಿಗೆ ಹಾವು ಕಚ್ಚಿತು. ಮನೆಗೆ ಹೆಣ ಬಂತು. "ನಾನೇ ಹಾಕ್ಸಿ ಕೊಂದ್ಬುಟ್ಟೆ," ಅಂತ ಅವ್ವ ತಾನು ಸಾಯುವವರೆಗೂ ಅನ್ನುತ್ತಿದ್ದಳು.

ಆ ಚೊಂಬಿನ ಹಾಲು ಅರ್ಧ ಕುಡಿದು, ಬೈಗುಳಕ್ಕೆ ಹೆದರಿ ನೀರು ತುಂಬಿಸಿದ್ದವಳು ನಾನು. ನೀರುಹಾಲು ನೀಲಿ ಕಾಣುವುದು ಹಸು ಕಟ್ಟಿದವರಿಗೆಲ್ಲ ಗೊತ್ತು. ಅವತ್ತು ಅವ್ವನಿಗೆ ನೀಲಿಯಷ್ಟೇ ಬೇಕಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಗಾಜು ಅಂದಾಗ ಅಳುವೂ ಬರಲಿಲ್ಲ. ಕಾಫಿ ಬೆರೆಸಿ ಮೊಮ್ಮಗಳಿಗೆ ಕೊಟ್ಟೆ.

ಮುಂದಿನ ತಿಂಗಳು ಅವ್ವನಿಗೆ ಎಡೆ ಇಡಲು ತಂಗಿ ಬರುತ್ತಾಳೆ. ಅವಳು ಇವತ್ತಿಗೂ ಅಪ್ಪನನ್ನು ಕೊಂದವಳು ಅವ್ವ ಅನ್ನುತ್ತಾಳೆ. ಹಾಲಿಗೆ ನೀರು ಬೆರೆಸಿದ್ದನ್ನು ಅವಳಿಗೆ ಹೇಳಲೋ, ಬೇಡವೋ? ಕೈಮುಗಿಯುವ ಚಿತ್ರ ಹಾಕಿ ಜಾರಿಕೊಳ್ಳಬೇಡಿ. ಈ ತಿಂಗಳು ಮುಗಿಯುವುದರೊಳಗೆ ಬರೆದು ತಿಳಿಸಿ.