ಬಾಸ್ಟರ್ಡ್ ಅಂದ ಮಾಸ್ತರಿಗೆ ಅವ್ವ ಕೇಳಿದ್ದು

ಬಸ್ಸಿನಲ್ಲಿ ಹುಡುಗರು ಒಬ್ಬರಿಗೊಬ್ಬರು 'ಬಾಸ್ಟರ್ಡ್' ಅಂದು ನಗುತ್ತಿದ್ದರು. ನನಗೆ ನಾನು ಕಲಿತ ಸವದತ್ತಿಯ ಸಾಲಿ ನೆನಪಾಯಿತು.

ಹಾಜರಿ ಹೊತ್ತಿಗೆ ಮಾಸ್ತರರು ಅಪ್ಪನ ಹೆಸರು ಕೇಳಿದರು. ಅವ್ವನಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ನಾನು ಅವ್ವನ ಹೆಸರು ಹೇಳಿದೆ. ಮಾಸ್ತರರು "ಬಾಸ್ಟರ್ಡ್" ಅಂದು ನಕ್ಕುಬಿಟ್ಟರು.

ಮರುದಿನ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಿಗೆ ಬಂದೇಬಿಟ್ಟಳು.

"ಹಂಗಂದ್ರ ಏನ್ರಿ ಮಾಸ್ತರ?"

"ಅಪ್ಪ ಇಲ್ಲದಾಕಿ ಅಂತ."

"ಅದಾನಲ್ರಿ, ನಿಮ್ಮ ಓಣ್ಯಾಗನ! ಕರ್ಕೊಂಡು ಬರ್ಲೇನು?"

ಮಾಸ್ತರರು ಗೋಡೆ ಕಡೆ ಮುಖ ತಿರುಗಿಸಿದರು.

ಎಷ್ಟೋ ವರ್ಷಗಳ ಮೇಲೆ ಆ ಪದದ ಮೂಲ ಓದಿದೆ. ಹಳೆಯ ಫ್ರೆಂಚಿನಲ್ಲಿ 'ಬಾಸ್ಟ್' ಅಂದರೆ ಹೇರುಗತ್ತೆಯ ಬೆನ್ನಿಗೆ ಹಾಕುವ ಜೀನು; ಅದನ್ನೇ ಹಾಸಿಕೊಂಡು ಮಲಗಿ, ಬೆಳಗಾಗುವುದರೊಳಗೆ ಎದ್ದುಹೋದ ದಾರಿಹೋಕನ ಕೂಸು ಅಂತ ಅರ್ಥವಂತೆ. ಓಡಿಹೋದವನು ಗಂಡಸು, ಬೈಗುಳ ಕೂಸಿಗೆ!

ಆ ಗಂಡಸಿಗೆ ಯಾವ ಭಾಷೆಯಲ್ಲಿ ಬೈಗುಳ ಐತಿ? ಗೊತ್ತಿದ್ದವರು ಕೆಳಗ ಬರೀರಿ, ಕಾಯ್ಕೊಂತ ಕುಂತೇನಿ.